ಕಂಪ್ಯೂಟರ್ ಸಾಲಿಟೇರ್: ಹದಿನೈದು ದಿನ ಆಯ್ತು, ಒಂದು ಆಟವೂ ಮುಗಿದಿಲ್ಲ!

ದಾವಣಗೆರೆ_ಮೇಷ್ಟ್ರು (ಭಾನುವಾರ, ಬೆಳಿಗ್ಗೆ 7:40)

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಹೊಸ ಲ್ಯಾಪ್‌ಟಾಪ್ ತಗೊಂಡು ಹಳೆಯದನ್ನು ನನಗೆ ಬಿಟ್ಟುಹೋದ. ಅದರಲ್ಲಿ ಸಾಲಿಟೇರ್ ಅಂತ ಇಸ್ಪೀಟಾಟ ಇದೆ. ರಮ್ಮಿ, ಇಪ್ಪತ್ತೆಂಟು ಆಡಿ ಬೆಳೆದವನು ನಾನು. ಒಬ್ಬನೇ ಕೂತು ಆಡುವ ಇಸ್ಪೀಟು ಇದೇ ಮೊದಲು.

ಹದಿನೈದು ದಿನದಿಂದ ದಿನಾ ಆಡುತ್ತಿದ್ದೇನೆ. ಒಮ್ಮೆಯೂ ಮುಗಿದಿಲ್ಲ. ಎಲೆಯನ್ನು ಎಳೆದು ಒಂದು ಕಡೆ ಇಟ್ಟರೆ ಅದು ರಬ್ಬರ್ ಕಟ್ಟಿದ ಹಾಗೆ ವಾಪಸ್ ಹಾರಿಹೋಗುತ್ತದೆ. ಯಾಕೆ ಅಂತ ಗೊತ್ತಾಗುವುದಿಲ್ಲ. ಮಗನನ್ನು ಕೇಳಿದರೆ "ಅಪ್ಪಾ, ಅದು ಸುಮ್ನೆ ಟೈಂಪಾಸ್, ಲಕ್ ಇದ್ರೆ ಆಗುತ್ತೆ" ಅಂದ. ನಿಜವಾಗಿ ಎಲ್ಲಾ ಅದೃಷ್ಟವೇನಾ? ಯಾರಾದರೂ ಮೊದಲಿನಿಂದ ಹೇಳಿಕೊಡಿ. ದಡ್ಡ ವಿದ್ಯಾರ್ಥಿ ಅಂದುಕೊಂಡೇ ಹೇಳಿ.

ಕಳಾವರ್_ರಾಣಿ (ಭಾನುವಾರ, ಬೆಳಿಗ್ಗೆ 9:05)

ಮೇಷ್ಟ್ರೇ ನಮಸ್ತೆ. ನೀವು ಆಡುತ್ತಿರುವ ಆಟದ ಸರಿಯಾದ ಹೆಸರು ಕ್ಲಾಂಡೈಕ್. ಸಾಲಿಟೇರ್ ಅಂದರೆ ಒಬ್ಬರೇ ಆಡುವ ಇಸ್ಪೀಟಾಟಗಳಿಗೆಲ್ಲ ಇರುವ ಹೆಸರು. ವಿಂಡೋಸ್‌ನಲ್ಲಿ ಬಂದದ್ದು ಇದೇ ಆಟ, ಹಾಗಾಗಿ ಸಾಲಿಟೇರ್ ಅಂದರೆ ಇದೇ ಅಂತಾಗಿಬಿಟ್ಟಿದೆ.

52 ಎಲೆ, ಜೋಕರ್ ಇಲ್ಲ. ಕೆಳಗೆ ಏಳು ಸಾಲು. ಎಡಗಡೆ ಮೊದಲ ಸಾಲಿನಲ್ಲಿ ಒಂದು ಎಲೆ, ಎರಡನೆಯದರಲ್ಲಿ ಎರಡು, ಹೀಗೆ ಏಳನೆಯದರಲ್ಲಿ ಏಳು. ಒಟ್ಟು 28. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ಮುಖ ತೋರಿಸುತ್ತದೆ, ಉಳಿದ 21 ಬೋರಲು ಬಿದ್ದಿರುತ್ತವೆ. ಬಾಕಿ 24 ಎಲೆ ಮೇಲೆ ಮೂಲೆಯಲ್ಲಿ ಕಟ್ಟಾಗಿ ಕೂತಿರುತ್ತವೆ. ಮೇಲೆ ನಾಲ್ಕು ಖಾಲಿ ಮನೆ. ಇಸ್ಪೀಟು, ಆಟೀನು, ಡೈಮಂಡ್, ಕಳಾವರ್, ಒಂದೊಂದಕ್ಕೆ ಒಂದೊಂದು ಮನೆ. ಆ ಮನೆಯಲ್ಲಿ ಎಕ್ಕದಿಂದ ಶುರುಮಾಡಿ 2, 3, 4 ಅಂತ ಗುಲಾಮ, ರಾಣಿ, ರಾಜನವರೆಗೆ ಏರಿಸಬೇಕು. ನಾಲ್ಕೂ ಮನೆಯಲ್ಲಿ ರಾಜ ಕೂತರೆ ಆಟ ಮುಗೀತು.

ಈಗ ನಿಮ್ಮ ರಬ್ಬರ್ ವಿಷಯ. ಕೆಳಗಿನ ಸಾಲುಗಳಲ್ಲಿ ಇಳಿಕೆ ಕ್ರಮ, ಅದೂ ಬಣ್ಣ ಬದಲಾಗುತ್ತಾ. ಕಪ್ಪು 8ರ ಮೇಲೆ ಕೆಂಪು 7 ಕೂರುತ್ತದೆ. ಕಪ್ಪು 8ರ ಮೇಲೆ ಕಪ್ಪು 7 ಇಟ್ಟರೆ ವಾಪಸ್ ಹಾರುತ್ತದೆ. ನೀವು ರಮ್ಮಿ ಆಡಿದವರು. ಅಲ್ಲಿ ಸೀಕ್ವೆನ್ಸ್ ಅಂದರೆ ಒಂದೇ ಜಾತಿ ಎಲೆ ಜೋಡಿಸುವುದು. ಆ ಅಭ್ಯಾಸದಲ್ಲೇ ಇಲ್ಲೂ ಇಸ್ಪೀಟಿನ ಮೇಲೆ ಇಸ್ಪೀಟು ಇಡುತ್ತಿದ್ದೀರಿ ಅನಿಸುತ್ತದೆ. ಒಂದೇ ಜಾತಿ ಜೋಡಿಸುವುದು ಮೇಲಿನ ಮನೆಯಲ್ಲಿ ಮಾತ್ರ.

ಇನ್ನೊಂದು. ಒಂದು ಸಾಲು ಪೂರ್ತಿ ಖಾಲಿಯಾದರೆ ಅಲ್ಲಿ ರಾಜನಿಗೆ ಮಾತ್ರ ಜಾಗ. ರಾಣಿ ಇಟ್ಟರೂ ವಾಪಸ್.

ದಾವಣಗೆರೆ_ಮೇಷ್ಟ್ರು (ಭಾನುವಾರ, ಬೆಳಿಗ್ಗೆ 9:31)

ಅಯ್ಯೋ! ಸರಿಯಾಗಿ ಹಿಡಿದಿರಿ ತಾಯಿ. ರಮ್ಮಿ ತಲೆಯಲ್ಲೇ ಆಡುತ್ತಿದ್ದೆ. ಹದಿನೈದು ದಿನ ವೇಸ್ಟ್.

ಬೈಟ್_ಭಟ್ಟ (ಭಾನುವಾರ, ಬೆಳಿಗ್ಗೆ 10:12)

ಮೇಷ್ಟ್ರಿಗೆ ಒಂದು ಕಥೆ. ಎಲೆಯನ್ನು ಎಳೆದು ಬಿಡುವುದರಲ್ಲೇ ಈ ಆಟದ ಹುಟ್ಟಿನ ಗುಟ್ಟಿದೆ. 1990ರಲ್ಲಿ ವಿಂಡೋಸ್ 3.0 ಬಂದಾಗ ಇದೂ ಜೊತೆಗೆ ಬಂತು. ಆಗ ಹೆಚ್ಚಿನವರು ಕೀಬೋರ್ಡಿನಲ್ಲಿ ಆಜ್ಞೆ ಟೈಪ್ ಮಾಡಿಯೇ ಕಂಪ್ಯೂಟರ್ ಬಳಸುತ್ತಿದ್ದರು. ಮೌಸ್ ಒತ್ತಿ ಹಿಡಿದು, ಎಳೆದು, ಬೇಕಾದ ಕಡೆ ಬಿಡುವುದು ಅಭ್ಯಾಸವೇ ಇರಲಿಲ್ಲ. ಆಟ ಆಡುತ್ತಾ ಆಡುತ್ತಾ ಅದು ಕೈಗೆ ಕೂತುಬಿಡ್ತು.

ಬರೆದವರು ವೆಸ್ ಚೆರ್ರಿ. ಮೈಕ್ರೋಸಾಫ್ಟ್‌ನಲ್ಲಿ ಇಂಟರ್ನ್ ಆಗಿದ್ದಾಗ ಬರೆದದ್ದು. ಅದಕ್ಕೆ ರಾಯಲ್ಟಿ ಅಂತ ಒಂದು ಪೈಸೆಯೂ ಬರಲಿಲ್ಲ. ಎಲೆಗಳ ಚಿತ್ರ ಮಾಡಿದ್ದು ಸೂಸನ್ ಕೇರ್, ಮೊದಲ ಮ್ಯಾಕಿಂಟಾಷ್‌ನ ಐಕಾನ್‌ಗಳನ್ನು ಮಾಡಿದ್ದೂ ಇವರೇ. ಚೆರ್ರಿ ಮೊದಲು ಇದರಲ್ಲಿ 'ಬಾಸ್ ಕೀ' ಅಂತ ಒಂದು ಸೌಲಭ್ಯ ಇಟ್ಟಿದ್ದರಂತೆ. ಸಾಹೇಬ್ರು ಬಂದರೆ ಒಂದು ಗುಂಡಿ ಒತ್ತಿದರೆ ಆಟ ಮಾಯ, ಲೆಕ್ಕಪತ್ರದ ಹಾಗೆ ಕಾಣುವ ಪರದೆ ಪ್ರತ್ಯಕ್ಷ! ಬಿಡುಗಡೆಗೆ ಮುಂಚೆ ಅದನ್ನು ತೆಗೆಸಿದರು.

ಇದ್ದಿದ್ದರೆ ಒಬ್ಬರ ಕೆಲಸ ಉಳಿಯುತ್ತಿತ್ತೇನೋ. 2006ರಲ್ಲಿ ನ್ಯೂಯಾರ್ಕ್ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಆಲ್ಬನಿಯಲ್ಲಿದ್ದ ನಗರಾಡಳಿತದ ಕಚೇರಿಗೆ ಹೋದಾಗ ಒಬ್ಬ ನೌಕರನ ಪರದೆಯ ಮೇಲೆ ಸಾಲಿಟೇರ್ ಕಂಡಿತು. ಆತನನ್ನು ಕೆಲಸದಿಂದಲೇ ತೆಗೆದರು. 2019ರಲ್ಲಿ ಇದೇ ಆಟ ವಿಶ್ವ ವಿಡಿಯೋ ಗೇಮ್ ಹಾಲ್ ಆಫ್ ಫೇಮ್‌ಗೆ ಸೇರಿತು. ಅದಿರುವುದೂ ನ್ಯೂಯಾರ್ಕ್ ರಾಜ್ಯದಲ್ಲೇ!

ಹುಬ್ಬಳ್ಳಿ_ಎಕ್ಸ್‌ಪ್ರೆಸ್ (ಭಾನುವಾರ, ಮಧ್ಯಾಹ್ನ 1:20)

ನನ್ನ ಮೊದಲ ನೌಕರಿ 1998ರಲ್ಲಿ. ಆಫೀಸಿನಲ್ಲಿ ಒಂದೇ ಕಂಪ್ಯೂಟರ್, ಅದಕ್ಕೆ ಎ.ಸಿ. ರೂಮು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಳಗೆ ಹೋದರೆ ಹೆಡ್‌ಕ್ಲರ್ಕ್ ಸಾಹೇಬ್ರು ಗಂಭೀರ ಮುಖ ಮಾಡಿ ಕೂತು ಸಾಲಿಟೇರ್ ಆಡುತ್ತಿದ್ದರು. ನಾವು ಅವರು ದೊಡ್ಡ ಲೆಕ್ಕ ಮಾಡುತ್ತಿದ್ದಾರೆ ಅಂದುಕೊಂಡಿದ್ದೆವು.

ಎಲೆಯ ಬೆನ್ನ ಮೇಲಿನ ಚಿತ್ರಗಳು ಯಾರಿಗೆ ನೆನಪಿದೆ? ತೆಂಗಿನಮರದ ದಂಡೆ, ಅಲ್ಲಿ ಸೂರ್ಯ ಆಗಾಗ ನಾಲಿಗೆ ಚಾಚುತ್ತಿದ್ದ. ಕೋಟೆ, ಬಾವಲಿ. ಅಂಗಿ ತೋಳಿನೊಳಗಿಂದ ಎಕ್ಕ ಇಣುಕುವುದು. ಗೆದ್ದರೆ ಎಲೆಗಳೆಲ್ಲ ಚೆಂಡಿನ ಹಾಗೆ ಪುಟಿಯುತ್ತಾ ಪರದೆ ತುಂಬ ಬಾಲ ಬಿಡುತ್ತಿದ್ದವು. ಅದನ್ನು ನೋಡಲಿಕ್ಕೇ ಆಡುತ್ತಿದ್ದೆ ನಾನು.

ಶಿರಸಿ_ಅಪ್ಪೆಮಿಡಿ (ಭಾನುವಾರ, ಮಧ್ಯಾಹ್ನ 2:02)

ಎಕ್ಸ್‌ಪ್ರೆಸ್ ಅಣ್ಣಾ, ವಿಂಡೋಸ್ ಎಕ್ಸ್‌ಪಿಯಲ್ಲಿ ಆಲ್ಟ್, ಶಿಫ್ಟ್, 2 ಮೂರೂ ಒಟ್ಟಿಗೆ ಒತ್ತಿದರೆ ಆಡದೇ ಪುಟಿಯುತ್ತಿದ್ದವು. ನಮ್ಮ ಲ್ಯಾಬಿನಲ್ಲಿ ನಾನು ಹಾಗೇ 'ಚಾಂಪಿಯನ್' ಆಗಿದ್ದು. 😄

ದಾವಣಗೆರೆ_ಮೇಷ್ಟ್ರು (ಭಾನುವಾರ, ಸಂಜೆ 5:48)

ಕಥೆಗಳು ಚೆನ್ನಾಗಿವೆ. ಆದರೆ ನನ್ನ ಆಟ ಇನ್ನೂ ಮುಗಿದಿಲ್ಲ! ಈಗ ನಿಯಮ ಗೊತ್ತಾಗಿದೆ, ಎಲೆ ವಾಪಸ್ ಹಾರುವುದು ನಿಂತಿದೆ. ಆದರೆ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತೇನೆ. ಮಧ್ಯಾಹ್ನದ ಆಟ ಒಂದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಎಡಗಡೆಯಿಂದ ಮುಖ ತೋರಿಸುತ್ತಿದ್ದ ಏಳು ಎಲೆ:

ಆಟೀನ್ 5, ಕಳಾವರ್ 6, ಡೈಮಂಡ್ ರಾಣಿ, ಇಸ್ಪೀಟ್ 9, ಇಸ್ಪೀಟ್ ಗುಲಾಮ, ಡೈಮಂಡ್ 5, ಆಟೀನ್ 10.

ನಾನು ಮೊದಲು ಮಾಡಿದ್ದು, ಆಟೀನ್ 5 ಎತ್ತಿ ಪಕ್ಕದ ಕಳಾವರ್ 6ರ ಮೇಲೆ ಇಟ್ಟದ್ದು. ಮೊದಲ ಸಾಲು ಖಾಲಿಯಾಯಿತು ಅಂತ ಖುಷಿಪಟ್ಟೆ. ಆಮೇಲೆ ಕಟ್ಟು ತಿರುಗಿಸಿ ತಿರುಗಿಸಿ ಸಾಕಾಯಿತು. ತಪ್ಪು ಎಲ್ಲಿ?

ಕಳಾವರ್_ರಾಣಿ (ಭಾನುವಾರ, ಸಂಜೆ 6:30)

ಮೇಷ್ಟ್ರೇ, ತಪ್ಪು ಮೊದಲ ನಡೆಯಲ್ಲೇ. ಒಳ್ಳೆಯ ಪ್ರಶ್ನೆಪತ್ರಿಕೆ ತಂದಿದ್ದೀರಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಳಾವರ್ 6ರ ಮೇಲೆ ಕೂರಲು ಎರಡು ಎಲೆ ಕ್ಯೂ ನಿಂತಿವೆ. ಒಂದು ಎಡತುದಿಯ ಆಟೀನ್ 5, ಇನ್ನೊಂದು ಆರನೇ ಸಾಲಿನ ಡೈಮಂಡ್ 5. ಜಾಗ ಒಬ್ಬರಿಗೇ. ಆಟೀನ್ 5ರ ಕೆಳಗೆ ಏನಿದೆ? ಏನೂ ಇಲ್ಲ. ಅದನ್ನು ಎತ್ತಿದರೆ ಖಾಲಿ ಜಾಗ ಸಿಗುತ್ತದೆ. ಆದರೆ ಅಲ್ಲಿ ಕೂರಿಸಲು ನಿಮ್ಮ ಹತ್ತಿರ ರಾಜನೇ ಇಲ್ಲ. ಖಾಲಿ ಸಿಂಹಾಸನ ಇಟ್ಟುಕೊಂಡು ಏನು ಮಾಡ್ತೀರಿ? ಡೈಮಂಡ್ 5ರ ಕೆಳಗೆ ಐದು ಬೋರಲು ಎಲೆ ಇವೆ. ಅದನ್ನು ಎತ್ತಿದರೆ ಹೊಸ ಎಲೆ ಒಂದು ಮುಖ ತೋರಿಸುತ್ತದೆ.

ಈ ಆಟದಲ್ಲಿ ನಿಜವಾದ ಕೆಲಸ ಆ 21 ಬೋರಲು ಎಲೆ ತೆರೆಯುವುದು. ಮೇಲಿನ ಮನೆ ತುಂಬುವುದು ಆಮೇಲೆ ತಾನಾಗಿ ಆಗುತ್ತದೆ. ಪ್ರತಿ ನಡೆಗೂ ಮುಂಚೆ "ಇದರಿಂದ ಬೋರಲು ಎಲೆ ತೆರೆಯುತ್ತಾ?" ಅಂತ ಕೇಳಿಕೊಳ್ಳಿ. ಎರಡು ದಾರಿ ಇದ್ದರೆ ಹೆಚ್ಚು ಬೋರಲು ಎಲೆ ಇರುವ ಸಾಲಿನ ಕಡೆ ಹೋಗಿ.

ನಾನಾಗಿದ್ದರೆ ಹೀಗೆ ಆಡುತ್ತಿದ್ದೆ. ಇಸ್ಪೀಟ್ ಗುಲಾಮ ಡೈಮಂಡ್ ರಾಣಿಯ ಮೇಲೆ. ಐದನೇ ಸಾಲಿನಲ್ಲಿ ಒಂದು ತೆರೆಯಿತು. ಆ ಗುಲಾಮನ ಮೇಲೆ ಆಟೀನ್ 10. ಏಳನೇ ಸಾಲಿನಲ್ಲಿ ಒಂದು ತೆರೆಯಿತು, ಇದು ಎಲ್ಲಕ್ಕಿಂತ ಆಳದ ಸಾಲು. 10ರ ಮೇಲೆ ಇಸ್ಪೀಟ್ 9, ನಾಲ್ಕನೇ ಸಾಲಿನಲ್ಲೂ ಒಂದು. ಆಮೇಲೆ ಡೈಮಂಡ್ 5 ಕಳಾವರ್ 6ರ ಮೇಲೆ. ಕಟ್ಟು ಮುಟ್ಟದೇ ನಾಲ್ಕು ಹೊಸ ಎಲೆ!

ಇನ್ನೊಂದು ಸೂಕ್ಷ್ಮ. ಈಗ ಮೂರನೇ ಸಾಲಿನಲ್ಲಿ ರಾಣಿ, ಗುಲಾಮ, 10, 9 ಸರಪಳಿಯಾಗಿವೆ. ಅದರ ಕೆಳಗೆ ಎರಡು ಬೋರಲು ಎಲೆ ಸಿಕ್ಕಿಬಿದ್ದಿವೆ. ಸರಪಳಿ ಕದಲಬೇಕಾದರೆ ಕಪ್ಪು ರಾಜ ಬೇಕು, ಯಾಕೆಂದರೆ ರಾಣಿ ಕೆಂಪು. ಮುಂದೆ ಎಡತುದಿಯ ಸಾಲು ಖಾಲಿಯಾದಾಗ ಕೆಂಪು ರಾಜ ಸಿಕ್ಕಿದ ತಕ್ಷಣ ಕೂರಿಸಬೇಡಿ. ಇಸ್ಪೀಟ್ ಅಥವಾ ಕಳಾವರ್ ರಾಜ ಹತ್ತಿರದಲ್ಲಿದ್ದಾನಾ ನೋಡಿ. ಅವನು ಕೂತರೆ ಇಡೀ ಸರಪಳಿ ಒಂದೇ ಎಳೆತಕ್ಕೆ ಅವನ ಮೇಲೆ ಹೋಗುತ್ತದೆ.

ದಾವಣಗೆರೆ_ಮೇಷ್ಟ್ರು (ಭಾನುವಾರ, ಸಂಜೆ 6:52)

ಖಾಲಿ ಸಿಂಹಾಸನ! ನಲವತ್ತು ವರ್ಷ ಪಾಠ ಮಾಡಿದವನಿಗೆ ಪಾಠ ಆಯಿತು.

ಬೈಟ್_ಭಟ್ಟ (ಭಾನುವಾರ, ರಾತ್ರಿ 8:15)

ರಾಣಿಯವರು ಚೆನ್ನಾಗಿ ಹೇಳಿದರು. ಒಂದು ಸೇರಿಸುತ್ತೇನೆ. ಎಲೆ ಸಿಕ್ಕಿದ ತಕ್ಷಣ ಮೇಲಿನ ಮನೆಗೆ ಕಳಿಸಬೇಡಿ. ಹೊಸಬರೆಲ್ಲ ಇದನ್ನೇ ಮಾಡುತ್ತಾರೆ, ಡಬಲ್ ಕ್ಲಿಕ್ ಮಾಡಿದರೆ ಹಾರಿ ಹೋಗಿ ಕೂರುತ್ತದಲ್ಲ, ಮಜಾ ಬರುತ್ತದೆ. ಎಕ್ಕ, 2 ಆದರೆ ಕಣ್ಣು ಮುಚ್ಚಿ ಕಳಿಸಿ. 3ರಿಂದ ಮೇಲೆ ಯೋಚಿಸಿ. ಕೆಂಪು 6 ಕೆಳಗೆ ಇರುವುದು ಯಾಕೆ? ಅದರ ಮೇಲೆ ಕಪ್ಪು 5 ಕೂರಲಿ ಅಂತ. ಎರಡೂ ಕಪ್ಪು 5 ಮನೆ ಸೇರಿದ್ದರೆ ಆ 6ಕ್ಕೆ ಕೆಳಗೆ ಕೆಲಸವಿಲ್ಲ, ಕಳಿಸಬಹುದು. ಒಂದಾದರೂ ಬಾಕಿ ಇದ್ದರೆ ತಡೆಯಿರಿ.

ಕಳಿಸಿ ತಪ್ಪಾದರೆ ಮನೆಯಿಂದ ವಾಪಸ್ ಎಳೆಯಬಹುದು. ಆದರೆ ಹಳೆಯ ವಿಂಡೋಸ್ ಲೆಕ್ಕದಲ್ಲಿ ಹಾಗೆ ಮಾಡಿದರೆ 15 ಅಂಕ ಹೋಗುತ್ತದೆ. ಮನೆಗೆ ಕಳಿಸಿದರೆ ಬರುವುದು 10. ಬೋರಲು ಎಲೆ ತೆರೆದರೆ 5. ನನ್ನ ಸಲಹೆ, ಅಂಕದ ಕಡೆ ನೋಡಲೇಬೇಡಿ.

ಮಂಡ್ಯದ_ಗುಲಾಮ (ಭಾನುವಾರ, ರಾತ್ರಿ 9:40)

ಮೇಷ್ಟ್ರು ಕಟ್ಟಿನಿಂದ ಒಂದೊಂದು ಎಲೆ ತೆಗೀತಿದ್ದಾರಾ ಮೂರು ಮೂರಾ? ಅದು ಮೊದಲು ಹೇಳಿ. ಎರಡೂ ಬೇರೆ ಬೇರೆ ಆಟ.

ದಾವಣಗೆರೆ_ಮೇಷ್ಟ್ರು (ಭಾನುವಾರ, ರಾತ್ರಿ 9:44)

ಮೂರು ಬೀಳುತ್ತವೆ. ಮೇಲಿನದನ್ನು ಮಾತ್ರ ತೆಗೆಯಲು ಬಿಡುತ್ತದೆ. ಬೇರೆ ಥರ ಇದೆಯಾ?!

ಮಂಡ್ಯದ_ಗುಲಾಮ (ಭಾನುವಾರ, ರಾತ್ರಿ 10:03)

ಇದೆ ಸಾರ್. ಸೆಟ್ಟಿಂಗ್ಸ್‌ನಲ್ಲಿ 'ಡ್ರಾ ಒನ್' ಅಂತ ಇರುತ್ತದೆ, ಮೊದಲು ಅದನ್ನು ಹಾಕಿಕೊಂಡು ಕೈ ಪಳಗಿಸಿ. ನೀವು ಈಜು ಕಲಿಯೋಕೆ ಸೀದಾ ಕೆ.ಆರ್.ಎಸ್.ಗೇ ಹಾರಿದ್ದೀರಿ.

ಮೂರು ತೆಗೆಯುವುದರಲ್ಲಿ ಒಂದು ಲೆಕ್ಕ ಇದೆ. 24 ಎಲೆ, ಮೂರು ಮೂರರ ಎಂಟು ಗುಂಪು. ಪ್ರತಿ ಗುಂಪಿನ ಕೊನೆಯದು ಮಾತ್ರ ಕೈಗೆ ಸಿಗುತ್ತದೆ. ನೀವು ಒಂದನ್ನೂ ತೆಗೆಯದೆ ಎಷ್ಟು ಸಲ ತಿರುಗಿಸಿದರೂ ಅದೇ ಎಂಟು ಎಲೆ ಬರುತ್ತವೆ. ಉಳಿದ 16 ಕಣ್ಣಿಗೆ ಬೀಳುತ್ತವೆ, ಕೈಗೆ ಬರಲ್ಲ. ಆದರೆ ನಡುವೆ ಒಂದು ಎಲೆ ತೆಗೆದರೆ, ಮುಂದಿನ ಸುತ್ತಿನಲ್ಲಿ ಅಲ್ಲಿಂದಾಚೆಯ ಗುಂಪುಗಳೆಲ್ಲ ಒಂದೊಂದು ಎಲೆ ಜರುಗುತ್ತವೆ. ಅಲ್ಲಿಯವರೆಗೆ ಸಿಗದಿದ್ದ ಎಲೆ ಮೇಲೆ ಬರುತ್ತದೆ, ಸಿಗುತ್ತಿದ್ದದ್ದು ಒಳಗೆ ಹೋಗುತ್ತದೆ. ಹಾಗಾಗಿ ಮೊದಲ ಸುತ್ತು ಸುಮ್ನೆ ತಿರುಗಿಸಿ ನೋಡಿ, ಎಕ್ಕ ಎಲ್ಲಿದೆ, ರಾಜ ಎಲ್ಲಿದ್ದಾನೆ ನೆನಪಿಟ್ಟುಕೊಳ್ಳಿ. ಇಪ್ಪತ್ತೆಂಟು ಆಡಿದವರಿಗೆ ಬಿದ್ದ ಎಲೆ ನೆನಪಿಡೋದು ಹೇಳಿಕೊಡಬೇಕಾ?

ಇನ್ನು ವೇಗಸ್ ಅಂತ ಒಂದು ಲೆಕ್ಕ ಇದೆ. ಶುರುವಿಗೇ 52 ಡಾಲರ್ ಸಾಲ. ಮೇಲೆ ಹೋದ ಪ್ರತಿ ಎಲೆಗೆ 5 ಡಾಲರ್. 11 ಎಲೆ ಏರಿಸಿದರೆ ಸಾಲ ತೀರಿ 3 ಡಾಲರ್ ಉಳೀತು. ಮೂರು ಎಲೆ ಆಟದಲ್ಲಿ ಕಟ್ಟು ಮೂರು ಸಲ ಮಾತ್ರ ನೋಡಬಹುದು. ನಾನಿದನ್ನೇ ಆಡೋದು. ನಿಜವಾದ ಡಾಲರ್ ಆಗಿದ್ದರೆ ಇಷ್ಟೊತ್ತಿಗೆ ಗದ್ದೆ ಮಾರಿರುತ್ತಿದ್ದೆ.

ಶಿರಸಿ_ಅಪ್ಪೆಮಿಡಿ (ಸೋಮವಾರ, ಬೆಳಿಗ್ಗೆ 8:10)

ಯಾರೂ ಅನ್‌ಡೂ ಬಗ್ಗೆ ಹೇಳಲೇ ಇಲ್ಲವಲ್ಲ? ಕಂಟ್ರೋಲ್ ಝಡ್ ಒತ್ತಿದರೆ ನಡೆ ವಾಪಸ್. ಹೊಸ ಆವೃತ್ತಿಗಳಲ್ಲಿ ಮೊದಲ ನಡೆಯವರೆಗೂ ಹಿಂದೆ ಹೋಗಬಹುದು.

ಮಂಡ್ಯದ_ಗುಲಾಮ (ಸೋಮವಾರ, ಬೆಳಿಗ್ಗೆ 8:25)

ಅದು ಮೋಸ. ಬೋರಲು ಎಲೆ ತೆರೆದು ನೋಡಿ, ಬೇಡ ಅಂದರೆ ಮುಚ್ಚಿಡೋದು! ಜಾತ್ರೆ ಅಡ್ಡೆಯಲ್ಲಿ ಹೀಗೆ ಮಾಡಿದ್ದರೆ ಒದೆ ಬೀಳ್ತಿತ್ತು.

ಶಿರಸಿ_ಅಪ್ಪೆಮಿಡಿ (ಸೋಮವಾರ, ಬೆಳಿಗ್ಗೆ 8:31)

ಎದುರಿಗೆ ಆಡುವವರು ಯಾರಿದ್ದಾರೆ ಮೋಸ ಹೋಗೋಕೆ? ಕಂಪ್ಯೂಟರ್ ಅಳುತ್ತಾ?

ಕಳಾವರ್_ರಾಣಿ (ಸೋಮವಾರ, ಬೆಳಿಗ್ಗೆ 10:50)

ಇಬ್ಬರೂ ನಿಲ್ಲಿಸಿ. ಕಲಿಯುವವರಿಗೆ ಅನ್‌ಡೂ ಬೇಕೇ ಬೇಕು. ಸಿಕ್ಕಿಕೊಂಡ ಮೇಲೆ ಹಿಂದೆ ಹೋಗಿ ಇನ್ನೊಂದು ದಾರಿ ಹಿಡಿದು ನೋಡಿದರೇನೇ ಎಲ್ಲಿ ಎಡವಿದ್ದು ಅಂತ ಗೊತ್ತಾಗುವುದು. ಕೈ ಪಳಗಿದ ಮೇಲೆ ಬಿಡಿ. ನಾನು ಬಿಟ್ಟು ನಾಲ್ಕು ವರ್ಷ ಆಯ್ತು, ಸೋಲು ಜಾಸ್ತಿಯಾಗಿದೆ, ಆಟ ರುಚಿಯಾಗಿದೆ.

ಮೇಷ್ಟ್ರು ಮೊದಲು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ, ಎಲ್ಲಾ ಅದೃಷ್ಟವೇನಾ ಅಂತ. ಬೋರಲು ಎಲೆಗಳೆಲ್ಲ ಏನೇನು ಅಂತ ಗೊತ್ತಿದ್ದು ಆಡಿದರೆ, ಮೂರು ಎಲೆ ಆಟದಲ್ಲಿ 100ಕ್ಕೆ ಸುಮಾರು 82 ಹಂಚಿಕೆಗಳನ್ನು ಮುಗಿಸಬಹುದು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಂಡುಕೊಂಡದ್ದು ಇದು. ಉಳಿದ 18ನ್ನು ಬ್ರಹ್ಮ ಬಂದರೂ ಮುಗಿಸಲಾರ. ನಮಗೆ ಎಲೆ ಕಾಣುವುದಿಲ್ಲ, ಹಾಗಾಗಿ ಅಷ್ಟೊಂದು ಗೆಲ್ಲುವುದು ಸಾಧ್ಯವಿಲ್ಲ. ಆದರೆ ಸೋತದ್ದಕ್ಕೆಲ್ಲ ಹಣೆಬರಹವನ್ನು ಬೈಯುವಂತೆಯೂ ಇಲ್ಲ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್ (ಸೋಮವಾರ, ಮಧ್ಯಾಹ್ನ 12:15)

ಅದೃಷ್ಟ ಬೇಡ ಅನ್ನುವವರು ಫ್ರೀಸೆಲ್ ಆಡಬೇಕು. 52 ಎಲೆಯೂ ಶುರುವಿನಿಂದಲೇ ಮುಖ ತೋರಿಸುತ್ತವೆ. ಎಂಟು ಸಾಲು, ಜೊತೆಗೆ ಎಲೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ನಾಲ್ಕು ಖಾಲಿ ಜಾಗ. ಬಸ್ಸಿನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಸುಮ್ಮಸುಮ್ಮನೆ ಆ ಜಾಗ ತುಂಬಬಾರದು. ನಾಲ್ಕೂ ತುಂಬಿದರೆ ಉಸಿರುಗಟ್ಟುತ್ತದೆ.

ಹಳೆಯ ವಿಂಡೋಸ್‌ನಲ್ಲಿ ಇದಕ್ಕೆ 32,000 ಹಂಚಿಕೆ ಇದ್ದವು, ಪ್ರತಿಯೊಂದಕ್ಕೂ ನಂಬರ್. 1990ರ ದಶಕದಲ್ಲಿ ಇಂಟರ್ನೆಟ್‌ನಲ್ಲಿ ಜನ ಸೇರಿ ಹಂಚಿಕೊಂಡು ಎಲ್ಲವನ್ನೂ ಆಡಿ ನೋಡಿದರು. ಮುಗಿಯದೇ ಉಳಿದದ್ದು ಒಂದೇ, 11982. ನನಗೆ ಇದು ಗೊತ್ತಿರಲಿಲ್ಲ. ನಮ್ಮಣ್ಣನಿಗೆ ಗೊತ್ತಿತ್ತು. "ಇದು ಬಹಳ ಸುಲಭದ್ದು, ಮುಗಿಸಿದರೆ ಗಿರ್ಮಿಟ್, ಮಿರ್ಚಿ ಕೊಡಿಸ್ತೀನಿ" ಅಂತ ಆ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟ. ಒಂದು ಇಡೀ ಬೇಸಿಗೆ ರಜೆ ಹೋಯಿತು. ಮಿರ್ಚಿ ಇನ್ನೂ ಬಾಕಿ ಇದೆ.

ಬೈಟ್_ಭಟ್ಟ (ಸೋಮವಾರ, ಮಧ್ಯಾಹ್ನ 12:40)

😂😂 ಅಣ್ಣ ಅಂದರೆ ಹೀಗಿರಬೇಕು.

ಮೈಸೂರು_ಸೀಮಾ (ಸೋಮವಾರ, ಸಂಜೆ 4:20)

ಸ್ಪೈಡರ್ ಆಡುವವರು ಯಾರೂ ಇಲ್ವಾ ಇಲ್ಲಿ? ಎರಡು ಕಟ್ಟು, 104 ಎಲೆ, ಹತ್ತು ಸಾಲು. ಮೇಷ್ಟ್ರೇ, ಒಂದೇ ಜಾತಿಯ ಸ್ಪೈಡರ್‌ನಿಂದ ಶುರುಮಾಡಿದರೆ ನಿಮ್ಮ ರಮ್ಮಿ ಬುದ್ಧಿ ಅಲ್ಲಿ ಕೆಲಸಕ್ಕೆ ಬರುತ್ತದೆ. ರಾಜನಿಂದ ಎಕ್ಕದವರೆಗೆ ಒಂದೇ ಜಾತಿಯ ಹದಿಮೂರು ಎಲೆ ಜೋಡಿಸಿದರೆ ಅದು ಪಕ್ಕಕ್ಕೆ ಹೋಗುತ್ತದೆ. ಅಂಥ ಎಂಟು ಆಗಬೇಕು. ಖಾಲಿ ಸಾಲು ಸಿಕ್ಕಿದರೆ ಅಲ್ಲಿ ಯಾವ ಎಲೆ ಬೇಕಾದರೂ ಇಡಬಹುದು, ರಾಜನೇ ಆಗಬೇಕಂತಿಲ್ಲ. ಆದರೆ ಕಟ್ಟಿನಿಂದ ಹೊಸ ಹತ್ತು ಎಲೆ ಹಾಕಿಸಬೇಕಾದರೆ ಒಂದು ಸಾಲೂ ಖಾಲಿ ಇರಬಾರದು. ಕಷ್ಟಪಟ್ಟು ಖಾಲಿ ಮಾಡಿದ್ದನ್ನು ತುಂಬಲೇಬೇಕಾಗಿ ಬಂದಾಗ ಹೊಟ್ಟೆ ಉರಿಯುತ್ತದೆ.

ಎರಡು ಜಾತಿ ಆದರೆ ಕಷ್ಟ. ನಾಲ್ಕು ಜಾತಿ ನನ್ನ ಕೈಯಲ್ಲಿ ಇವತ್ತಿನವರೆಗೂ ಎರಡೇ ಸಲ ಮುಗಿದಿರೋದು.

ಬೈಟ್_ಭಟ್ಟ (ಸೋಮವಾರ, ಸಂಜೆ 5:05)

ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ: ವಿಂಡೋಸ್ 8ರಿಂದ ಹಳೆಯ ಆಟ ಜೊತೆಗೆ ಬರುವುದು ನಿಂತಿತು. ಮೈಕ್ರೋಸಾಫ್ಟ್ ಸ್ಟೋರಿನಿಂದ ಸಾಲಿಟೇರ್ ಕಲೆಕ್ಷನ್ ಹಾಕಿಕೊಳ್ಳಬೇಕು. ಅದರಲ್ಲಿ ಕ್ಲಾಂಡೈಕ್, ಸ್ಪೈಡರ್, ಫ್ರೀಸೆಲ್, ಪಿರಮಿಡ್, ಟ್ರೈಪೀಕ್ಸ್ ಐದೂ ಇವೆ. ಪುಕ್ಕಟೆ, ಮಧ್ಯೆ ಜಾಹೀರಾತು ಬರುತ್ತದೆ. ಲಿನಕ್ಸ್‌ನವರಿಗೆ ಐಲ್‌ರಯಟ್ ಇದೆ, ಜಾಹೀರಾತಿಲ್ಲ. ಏನೂ ಹಾಕಿಕೊಳ್ಳುವುದು ಬೇಡ ಅಂದರೆ ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಸಾಲಿಟೇರ್ ಅಂತ ಹುಡುಕಿ, ಅಲ್ಲೇ ಆಡಬಹುದು.

ದಾವಣಗೆರೆ_ಮೇಷ್ಟ್ರು (ಬುಧವಾರ, ರಾತ್ರಿ 9:15)

ಎಲ್ಲರಿಗೂ ವರದಿ. ಒಂದೊಂದು ಎಲೆ ತೆಗೆಯುವ ಆಟಕ್ಕೆ ಬದಲಾಯಿಸಿಕೊಂಡೆ. ಮಂಗಳವಾರ ಒಂಬತ್ತು ಆಡಿ ಒಂಬತ್ತೂ ಸೋತೆ. ಇವತ್ತು ಬೆಳಿಗ್ಗೆ ನಾಲ್ಕನೆಯದು ಮುಗಿಯಿತು! ಅನ್‌ಡೂ ಬಳಸಿದ್ದು ಎರಡೇ ಸಲ. ಮಂಡ್ಯದವರು ಕ್ಷಮಿಸಬೇಕು.

ಗೆದ್ದಾಗ ಕೂಗಿದ್ದು ಕೇಳಿ ಮನೆಯವಳು ಅಡುಗೆಮನೆಯಿಂದ ಓಡಿಬಂದಳು, ಬಿದ್ದೆನೋ ಏನೋ ಅಂತ. ವಿಷಯ ಗೊತ್ತಾಗಿ "ಇಷ್ಟಕ್ಕಾ?" ಅಂದು, ನನ್ನನ್ನು ಎಬ್ಬಿಸಿ, ತಾನು ಕೂತಳು. ಈಗ ಸಂಜೆಯಿಂದ ಲ್ಯಾಪ್‌ಟಾಪ್ ಅವಳ ಕೈಯಲ್ಲಿದೆ. ಇದನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಹಿಂದೆ ನಿಂತು "ಆ 5 ಎತ್ತಬೇಡ, ಕೆಳಗೆ ಏನೂ ಇಲ್ಲ" ಅಂದೆ. "ಸುಮ್ನಿರ್ರೀ, ನನಗೆ ಕಾಣುತ್ತೆ" ಅಂದಳು.

ಕಳಾವರ್_ರಾಣಿ (ಬುಧವಾರ, ರಾತ್ರಿ 9:22)

ಅಭಿನಂದನೆ ಮೇಷ್ಟ್ರೇ! ಎತ್ತಿದರಾ ಇಲ್ವಾ?

ದಾವಣಗೆರೆ_ಮೇಷ್ಟ್ರು (ಬುಧವಾರ, ರಾತ್ರಿ 9:24)

ಎತ್ತಿದಳು. ಮುಂದಿನ ಎಲೆಯೇ ಇಸ್ಪೀಟ್ ರಾಜ.